ದೊಡ್ಡವ್ವನ ಎರಡನೆಯ ಒಲೆ

ಹೋದ ತಿಂಗಳು ಮೇಲವಂಕಿಯ ನಮ್ಮ ಮನೆಯ ಅಡುಗೆಕೋಣೆ ದುರಸ್ತಿಗೆ ಗೌಂಡಿ ಬಂದಿದ್ದ. ಒಳಗೆ ಬಂದವನೇ ಸೊಂಟದ ಮೇಲೆ ಕೈಯಿಟ್ಟು ನಿಂತ. "ಅಕ್ಕಾರ, ಇಷ್ಟ ಸಣ್ಣ ಅಡಗಿಮನ್ಯಾಗ ಎರಡೆರಡ ಒಲಿಕಟ್ಟಿ ಯಾಕ್ರಿ? ಒಂದ ಒಡದ್ರ ಆರಾಮ ಒಂದ ಫ್ರಿಜ್ ಕುಂದರತೈತಿ" ಎಂದ. ಅವನ ಮಾತು ಸರಿಯಾಗಿಯೇ ಇತ್ತು. ನಾನು ಗೋಕಾಕದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಆದರೂ ಮೂರು ಮಂದಿಯ ಮನೆಗೆ ಎರಡು ಒಲೆ ಯಾಕೆಂದು ಅವನಿಗೆ ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ಒಡೆಯಪ್ಪಾ ಎಂದೆ. ಅವನು ಸುತ್ತಿಗೆ ಎತ್ತಿದಾಗ ಮಾತ್ರ ಹಿತ್ತಲಿಗೆ ಹೋಗಿ ನಿಂತೆ. ಆ ಕಟ್ಟೆಯ ಒಡತಿ ತೀರಿಕೊಂಡು ವರ್ಷವಾಗುತ್ತ ಬಂದಿದೆ.

ಅವರು ನಮ್ಮವರ ದೊಡ್ಡವ್ವ, ಅಂದರೆ ನನ್ನ ಮಾವನವರ ಅಣ್ಣನ ಹೆಂಡತಿ. ನಮ್ಮವರು ಸಾಲಿಗೆ ಹೋಗುವ ಮೊದಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಿದ್ದರು. ಎತ್ತಿ ಆಡಿಸಿ ಸಾಕಿದವರು ಮಕ್ಕಳಿಲ್ಲದ, ಗಂಡನೂ ಇಲ್ಲದ ಈ ದೊಡ್ಡವ್ವ. ಕುಳ್ಳಗೆ, ದುಂಡಗೆ, ಸದಾ ಅವಸರದಲ್ಲಿರುವ ಜೀವ. ನಡೆಯುವಾಗ ಕಣ್ಣು ನೆಲದ ಮೇಲೆ, ಇರುವೆ ತುಳಿದೀತೆಂದು. ಬಾಯಿ ಮಾತ್ರ ಎದುರು ಬಂದವರ ಮೇಲೆ. ಇರುವೆಗೆ ತೋರಿಸುತ್ತಿದ್ದ ಕರುಣೆಯಲ್ಲಿ ಕಾಲುಭಾಗವನ್ನಾದರೂ ಅವರು ಮಾತಾಡುವಾಗ ಮನುಷ್ಯರಿಗೆ ತೋರಿಸಿದ್ದನ್ನು ನಾನು ಕಂಡಿಲ್ಲ. ಬೆಳಿಗ್ಗೆ ಬಸದಿಗೆ ಹೋಗಿ ಅಭಿಷೇಕ ನೋಡಿ ಬರುವಷ್ಟರಲ್ಲಿ ಓಣಿಯ ನಾಲ್ಕು ಮಂದಿಗಾದರೂ ಬುದ್ಧಿ ಹೇಳಿ ಮುಗಿದಿರುತ್ತಿತ್ತು. ಮಜಾ ಎಂದರೆ, ಬೈಸಿಕೊಂಡವರೇ ಸಂಜೆ ಉಪ್ಪಿನಕಾಯಿ ಕೇಳಲು ಮನೆಗೆ ಬರುತ್ತಿದ್ದರು.

ನಾನು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯ ಲಿಂಗಾಯತರ ಮಗಳು. ನಮ್ಮವರು ಜೈನರು. ನಾನು ಕಲಿಸುವ ಸಾಲಿಯಲ್ಲೇ ಅವರು ವಿಜ್ಞಾನದ ಮಾಸ್ತರು. ಮದುವೆಯಾಗುತ್ತೇವೆ ಎಂದು ನಾವು ಹೇಳಿದಾಗ ಎರಡೂ ಮನೆಯಲ್ಲಿ ಬೆಂಕಿ ಬಿತ್ತು. ನನ್ನಪ್ಪ ಜಗುಲಿಯ ಮೇಲಿನ ಶರಣರ ಫೋಟೋಕ್ಕೆ ದಿನಾ ಹೂ ಏರಿಸುವವರು, ಜಾತಿ ಕೇಳಬಾರದು ಎಂದು ಭಾಷಣ ಮಾಡಿದವರು. ಮಗಳ ವಿಷಯ ಬಂದಾಗ ಮಾತ್ರ, "ಅದು ಫೋಟೋದಾಗಿನ ಮಾತವ್ವಾ, ಮನ್ಯಾಗಿಂದಲ್ಲ" ಎಂದರು. ಮೇಲವಂಕಿಯಲ್ಲಿ ದೊಡ್ಡವ್ವ ಎರಡು ದಿನ ಉಪವಾಸ ಮಾಡಿದರು. ಉಪವಾಸ ಅವರಿಗೆ ಹೊಸದಲ್ಲವಾದ್ದರಿಂದ ಅದು ಸಿಟ್ಟಿನದೋ ವ್ರತದ್ದೋ ಎಂದು ನಮ್ಮವರಿಗೆ ಮೊದಲ ದಿನ ಗೊತ್ತೇ ಆಗಲಿಲ್ಲವಂತೆ.

ಕೊನೆಗೆ ಇಬ್ಬರೂ ಹಿರಿಯರು ಸೇರಿ ಈ ಮದುವೆ ನಿಲ್ಲಿಸಬೇಕೆಂದು ನಿರ್ಧರಿಸಿ ಗೋಕಾಕದಲ್ಲಿ ಭೆಟ್ಟಿಯಾದರು. ಹೊಟೆಲಿನಲ್ಲಿ ದೊಡ್ಡವ್ವ ಏನೂ ಮುಟ್ಟುವುದಿಲ್ಲ, ಹಾಗಾಗಿ ತಹಶೀಲ್ದಾರ ಕಚೇರಿ ಎದುರಿನ ಮರದ ಕೆಳಗೆ ಕೂತರು. ಜೊತೆಗೆ ನಾನಿದ್ದೆ, ನಮ್ಮವರಿದ್ದರು. ಇಬ್ಬರಿಗೂ ಬಾಯಿ ತೆಗೆಯುವ ಪರವಾನಗಿ ಇರಲಿಲ್ಲ.

"ನಿಮ್ಮ ಮಗಳು ಚೊಲೋ ಅದಾಳ್ರಿ. ನಮ್ಮ ಹುಡುಗನೂ ಚೊಲೋ ಅದಾನ. ಆದ್ರ ಇವರ ಮದವಿ ಆಗಬಾರದು" ಎಂದರು ದೊಡ್ಡವ್ವ.

"ಖರೆ ಮಾತ್ರಿ. ನಂದೂ ಅದ ಮಾತು" ಎಂದರು ಅಪ್ಪ.

"ನಮ್ಮ ಮಂದಿ ಏನಂದಾರು?"

"ನಮ್ಮ ಮಂದಿನೂ ಅದನ್ನ ಅಂತಾರ್ರಿ."

ಅರ್ಧ ತಾಸು ಹೀಗೆ ನಡೆಯಿತು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆ ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ಜೀವಮಾನದಲ್ಲಿ ಅಪ್ಪನ ಮಾತಿಗೆ ಅಷ್ಟು ಒಪ್ಪಿಗೆ ಯಾರಿಂದಲೂ ಸಿಕ್ಕಿರಲಿಲ್ಲ. ನಡುವೆ ಅಪ್ಪನಿಗೆ ನೀರಡಿಸಿತು. ದೊಡ್ಡವ್ವ ಮನೆಯಿಂದ ಸೋಸಿ ತಂದಿದ್ದ ನೀರನ್ನು ತಂಬಿಗೆಯಿಂದ ಎತ್ತಿ ಹಾಕಿದರು. ಅಪ್ಪ ಚೀಲದಿಂದ ನಮ್ಮ ಗಾಣದ ಬೆಲ್ಲದ ಒಂದು ಪೆಂಟೆ ತೆಗೆದು ಮುಂದಿಟ್ಟರು. ದೊಡ್ಡವ್ವ ಅದನ್ನು ಹೊರಳಿಸಿ ನೋಡಿ, ಮೂಸಿ, "ಔಷಧ ಹಾಕಿಲ್ಲೇನ್ರಿ ಇದಕ್ಕ?" ಎಂದು ಕೇಳಿದರು. ಅಲ್ಲಿಂದ ಮಾತು ಕಬ್ಬಿಗೆ ಹೋಯಿತು, ಕಬ್ಬಿನಿಂದ ಅರಿಷಿಣಕ್ಕೆ, ಅರಿಷಿಣದಿಂದ ಮೊಣಕಾಲು ನೋವಿಗೆ. ಮದುವೆ ನಿಲ್ಲಿಸುವ ಮಾತು ಅಲ್ಲೇ ಎಲ್ಲೋ ಬಿದ್ದುಹೋಯಿತು. ವಾಪಸು ಬಸ್ಸಿನಲ್ಲಿ ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತ, "ಇಷ್ಟ ಚೊಲೋ ಬೀಗತಿ ಮತ್ತ ಎಲ್ಲಿ ಸಿಗಬೇಕು" ಎಂದರು. ಹೇಳಿಬಿಟ್ಟ ಮೇಲೆ ತಾವೇ ಗಾಬರಿಯಾದರು.

ಮದುವೆ ಗೋಕಾಕದ ರಿಜಿಸ್ಟ್ರಾರ ಕಚೇರಿಯಲ್ಲಿ ಆಯಿತು. ದೊಡ್ಡವ್ವ ಬರುವುದಿಲ್ಲ ಎಂದಿದ್ದರು. ಹಾರ ಹಾಕುವ ಹೊತ್ತಿಗೆ ನೋಡಿದರೆ ಬಾಗಿಲಲ್ಲಿ ರೇಷ್ಮೆ ಇಳಕಲ್ ಸೀರೆ ಉಟ್ಟುಕೊಂಡು ನಿಂತಿದ್ದಾರೆ. "ನಾ ಮದವಿಗೆ ಬಂದಿಲ್ಲ. ಸಂತಿಗೆ ಬಂದಿದ್ನಿ, ಹಂಗ ಹಾದು ಹೊಂಟೇನಿ" ಎಂದರು. ರೇಷ್ಮೆ ಸೀರೆ ಉಟ್ಟು ಯಾರು ಸಂತೆ ಮಾಡುತ್ತಾರೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೈಚೀಲದಿಂದ ಒಂದು ಜೊತೆ ಹಸಿರು ಬಳೆ ತೆಗೆದು ನನ್ನ ಕೈಗೆ ತುರುಕಿ, "ನಾ ಒಪ್ಪಿಲ್ಲ ನೋಡು, ನೆನಪಿಟ್ಕೋ" ಎಂದು ಎಚ್ಚರಿಸಿ, ಎಲ್ಲರಿಗಿಂತ ಮುಂಚೆ ಹೋಗಿ ಮನೆಯ ಬಾಗಿಲಿಗೆ ತೋರಣ ಕಟ್ಟಿದರು.

ಒಪ್ಪಿಲ್ಲ ಎಂಬುದು ಅವರಿಗೆ ಒಂದು ನೌಕರಿಯಿದ್ದಂತೆ, ಬಿಡದೆ ಮಾಡಿದರು. ನನಗೆ ಜ್ವರ ಬಂದರೆ ಕಷಾಯ ಕುಡಿಸುತ್ತ ಒಪ್ಪಿಲ್ಲ ಎನ್ನುವರು. ಮಗಳು ಹುಟ್ಟಿದಾಗ ತೊಟ್ಟಿಲು ತೂಗುತ್ತ, "ಇಕಿ ಅವ್ವನ ಮದವಿ ನಾ ಒಪ್ಪಿಲ್ಲ, ಇಕಿನ್ನ ಮಾತ್ರ ಒಪ್ಪೇನಿ" ಎಂದು ಬಂದ ಹೆಂಗಸರಿಗೆ ವಿವರಿಸುವರು.

ನಾನು ಮನೆ ತುಂಬಿದ ಮರುದಿನವೇ ಅಡುಗೆಕೋಣೆಯಲ್ಲಿ ಎರಡನೆಯ ಕಟ್ಟೆ ಎದ್ದಿತು. ಬಲಗಡೆಯದು ನನ್ನದು, ಎಡಗಡೆಯದು ಅವರದು. ಅವರ ಪಾತ್ರೆ ಬೇರೆ, ಕೊಡ ಬೇರೆ, ನೀರು ಸೋಸುವ ಅರಿವೆ ಬೇರೆ. ಮುನಿಗಳಿಗೆ ಆಹಾರ ಕೊಡುವ ಮನೆ ಇದು, ನಿನ್ನ ಮೇಲೆ ಸಿಟ್ಟೇನಿಲ್ಲ, ನಿಯಮ ನಿಯಮವೇ ಎಂದರು. ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದೆವು. ಅವರ ರೊಟ್ಟಿ ನನ್ನ ತಾಟಿಗೆ ಬರುತ್ತಿತ್ತು, ನನ್ನದು ಅವರ ತಾಟಿಗೆ ಹೋಗುತ್ತಿರಲಿಲ್ಲ.

ನೀರು ಸೋಸುವುದನ್ನು ಅವರಿಂದಲೇ ಕಲಿತೆ. ಬಾವಿ ನೀರನ್ನು ದಪ್ಪ ಅರಿವೆಯಲ್ಲಿ ಸೋಸಿ, ಆ ಅರಿವೆಯನ್ನು ಸೋಸಿದ ನೀರಿನಿಂದಲೇ ತೊಳೆದು, ತೊಳೆದದ್ದನ್ನು ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ತಮ್ಮ ನೀರಿಗೆ ಹೋಗಿ ಸೇರಬೇಕು.

"ಹಂಗಾರ ನಂದೂ ಬಾಗೇವಾಡಿ ನೀರಲ್ರಿ. ನನ್ನೂ ಸೋಸಿ ಅಲ್ಲೇ ಬಿಡ್ತೀರೇನ್ರಿ?" ಎಂದು ಒಮ್ಮೆ ಕೆಣಕಿದೆ.

"ನೀ ಯಾವ ಅರವ್ಯಾಗೂ ಹಿಡಿಯಾಂಗಿಲ್ಲ, ಹೋಗ" ಎಂದು ನಕ್ಕರು.

ಅವರ ಹೊಟ್ಟೆಯಲ್ಲಿ ಕಥೆಗಳಿದ್ದವು. ಜೈನರಲ್ಲೇ ಚತುರ್ಥರು, ಪಂಚಮರು ಎಂದು ಪಂಗಡಗಳಿವೆ ಎಂದು ನನಗೆ ಗೊತ್ತಾದದ್ದು ಅವರಿಂದ. ದೇವರು ಒಂದೇ, ಬಸದಿ ಒಂದೇ, ಪರ್ವ ಒಂದೇ. ಅವರ ಕಾಲದಲ್ಲಿ ಹೆಣ್ಣು ಮಾತ್ರ ಕೊಡುತ್ತಿರಲಿಲ್ಲ. ದೊಡ್ಡವ್ವ ಕನ್ಯೆಯಾಗಿದ್ದಾಗ ಹುಕ್ಕೇರಿಯ ಪಂಚಮರ ಮನೆಯಿಂದ ಕೇಳಿ ಬಂದಿತ್ತಂತೆ. ಅವರಪ್ಪ, ನಾವು ಚತುರ್ಥರು, ಆಗುವುದಿಲ್ಲ ಎಂದು ಬಾಗಿಲಿನಿಂದಲೇ ಕಳಿಸಿದರಂತೆ.

"ನಿಮಗ ಬ್ಯಾಸರ ಆಗ್ಲಿಲ್ಲೇನ್ರಿ?"

"ಬ್ಯಾಸರ ಯಾಕ? ನಮ್ಮಪ್ಪ ಅಂದಿದ್ದು ಅಂದಂಗ." ಸ್ವಲ್ಪ ಹೊತ್ತು ಕಾಳು ಹಸನು ಮಾಡಿ, "ಆದ್ರ ಆ ಹುಡುಗನ ಮೂಗ ಭಾಳ ಚೊಲೋ ಇತ್ತು" ಎಂದರು.

ಮೂಡಲಗಿಯಲ್ಲಿ ಅವರ ಅಣ್ಣನ ಮೊಮ್ಮಗನ ಮದುವೆ. ಬಂದ ಹೆಂಗಸೊಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನೀವು ಚತುರ್ಥರೋ ಪಂಚಮರೋ ಎಂದು ಕೇಳಿದರು. ನಾನು ತಡಬಡಿಸುತ್ತಿದ್ದೆ. ಪಕ್ಕದಲ್ಲಿದ್ದ ದೊಡ್ಡವ್ವ, "ಆಕಿ ಗಣಿತದಾಕಿ. ಆ ಪಂಗಡದಾಗ ಮಂದಿ ಕಡಿಮಿ" ಎಂದು ನನ್ನ ಕೈ ಹಿಡಿದು ಊಟದ ಪಂಕ್ತಿಗೆ ಎಳೆದುಕೊಂಡು ಹೋದರು. ಆ ಹೆಂಗಸು ಇನ್ನೂ ಆ ಪಂಗಡವನ್ನು ಹುಡುಕುತ್ತಿರಬಹುದು.

ಎಡಗಡೆಯ ಒಲೆ ಯಾವಾಗ ಆರಿತು ಎಂದು ಸರಿಯಾಗಿ ಹೇಳಲಾರೆ. ಒಂದು ಮಳೆಗಾಲ ಅವರು ಜ್ವರದಿಂದ ಮಲಗಿದರು. ಮಂಚದ ಮೇಲಿಂದ ಕೂಗಿ ಕೂಗಿ ಹೇಳಿಕೊಟ್ಟಂತೆ ನಾನು ನೀರು ಸೋಸಿ, ಕಾಸಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಹೆಸರುಬೇಳೆ ಮಾಡಿ ಕೊಟ್ಟೆ. ಬೇರೆ ದಾರಿಯಿಲ್ಲದೆ ಉಂಡರು. ಎದ್ದು ಓಡಾಡುವಂತಾದ ಮೇಲೂ ನನ್ನ ಒಲೆಯದ್ದನ್ನೇ ಉಂಡರು. ಕಾರಣ ಕೇಳಿದರೆ, ಗ್ಯಾಸು ಉಳಿಯುತ್ತದೆ ಎಂದರು. ಎಡಗಡೆಯ ಕಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿಗಳು ಬಂದು ಕೂತವು.

ಅವರು ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಮುಳುಗಿದರೆ ಮರುದಿನ ಬೆಳಗಿನ ತನಕ ಹನಿ ನೀರಿಲ್ಲ. ಒಂದು ಸಂಜೆ ಗೋಕಾಕದಿಂದ ಬರುವ ನನ್ನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮನೆ ಸೇರಿದಾಗ ಕತ್ತಲಾಗಿತ್ತು. ಎರಡು ತಾಟು, ನನ್ನದೂ ಅವರದೂ, ಹಾಗೇ ಮುಚ್ಚಿಟ್ಟಿದ್ದವು. ಯಾಕ್ರಿ ಉಣ್ಣಲಿಲ್ಲ ಎಂದರೆ, "ಹಸಿವಿ ಇರ್ಲಿಲ್ಲ" ಎಂದು ಆ ಕಡೆ ಹೊರಳಿ ಮಲಗಿದರು. ಹಸಿವೆಯಾದ ಮನುಷ್ಯ ಮಲಗಿದ್ದು ಹೇಗಿರುತ್ತದೆಂದು ನನಗೆ ತಿಳಿಯುವುದಿಲ್ಲವೇ. ಮರುದಿನದಿಂದ ನಾನು ಒಂದು ಬಸ್ಸು ಮುಂಚೆ ಬರತೊಡಗಿದೆ.

ಮದುವೆಯಾದ ಆರನೆಯ ವರ್ಷ ಮುನಿಮಹಾರಾಜರೊಬ್ಬರು ವಿಹಾರ ಮಾಡುತ್ತ ಊರಿಗೆ ಬಂದು ಬಸದಿಯಲ್ಲಿ ನಾಲ್ಕು ದಿನ ಉಳಿಯುವರೆಂದು ಸುದ್ದಿಯಾಯಿತು. ನಮ್ಮ ಮದುವೆಯ ನಂತರ ಊರಿಗೆ ಮುನಿಗಳು ಬಂದದ್ದು ಅದೇ ಮೊದಲು. ಮುನಿಗಳು ದಿನಕ್ಕೊಂದೇ ಸಲ, ನಿಂತು, ಬೊಗಸೆಯಲ್ಲಿ ಆಹಾರ ತೆಗೆದುಕೊಳ್ಳುವವರು. ಅದಕ್ಕಾಗಿ ಶುದ್ಧವಾಗಿ ಹೂಡುವ ಅಡುಗೆಗೆ ಚೌಕ ಎನ್ನುತ್ತಾರೆ. ನಲವತ್ತು ವರ್ಷಗಳಿಂದ ಊರಿಗೆ ಯಾವ ಮುನಿಗಳು ಬಂದರೂ ದೊಡ್ಡವ್ವನ ಚೌಕ ತಪ್ಪಿರಲಿಲ್ಲ. ಚಿನ್ನ ಬೇಡ, ಹೊಲ ಬೇಡ, ಅವರು ಈ ಜನ್ಮದಲ್ಲಿ ತಮ್ಮದೆಂದು ಹೆಮ್ಮೆಪಟ್ಟದ್ದು ಅದೊಂದಕ್ಕೇ. ಸುದ್ದಿ ಬಂದ ದಿನದಿಂದ ಗೋಧಿ ಆರಿಸುತ್ತ ಕೂತರು. ಬಾಯಿ ಮಾತ್ರ ಬಿಡಲಿಲ್ಲ. ಬೇರೆ ಜಾತಿಯ ಸೊಸೆ ಇರುವ ಮನೆಗೆ ಈ ಸಲ ಚೌಕ ಕೊಡುತ್ತಾರೋ ಇಲ್ಲವೋ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬಸದಿಯ ಹಿರಿಯರು ಮನೆಗೆ ಬಂದಾಗ ದೊಡ್ಡವ್ವ ಹೊಲಕ್ಕೆ ಹೋಗಿದ್ದರು. ಒಳ್ಳೆಯ ಮನುಷ್ಯ, ಕೇಳಲು ಅವರಿಗೂ ಸಂಕೋಚ.

"ತಂಗಿ, ಒಲಿ ಬ್ಯಾರೆ ಬ್ಯಾರೆ ಅದಾವಂತಲ್ಲ? ದೊಡ್ಡವ್ವಾರು ನಿಮ್ಮ ಕೈಯಾಗ ಉಣ್ಣಾಂಗಿಲ್ಲಲ್ಲ? ಅಷ್ಟ ಇದ್ರ ಸಾಕು. ಆ ಹೊತ್ತಿಗೆ ನೀವು ಗಂಡ ಹೆಂಡ್ತಿ ಹೊರಗ ಇರ್ರಿ. ಉಳದದ್ದು ನಾ ನೋಡ್ಕೋತೇನಿ."

ನಾನು ಅಡುಗೆಕೋಣೆಯ ಬಾಗಿಲು ತೆರೆದು ಎರಡು ಕಟ್ಟೆಗಳನ್ನು ತೋರಿಸಿದೆ. "ಹೌದ್ರಿ, ಬ್ಯಾರೆ ಬ್ಯಾರೆ. ನನ್ನ ಕೈಯಾಗ ಉಣ್ಣಾಂಗಿಲ್ಲ" ಎಂದೆ. ನಲವತ್ತು ವರ್ಷದ ಅವರ ಸಂತೋಷ ನನ್ನಿಂದ ಹೋಗಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಸಂಜೆ ಪರವಾನಗಿ ಸಿಕ್ಕಿತು ಎಂದು ಹೇಳಿದಾಗ ದೊಡ್ಡವ್ವ ಹೇಗೆ, ಏನು ಎಂದು ಕೇಳಲೂ ಇಲ್ಲ. ನನ್ನ ಗಲ್ಲ ಹಿಂಡಿ, ಭರಣಿಗಳನ್ನು ಇಳಿಸಿ, ಎಡಗಡೆಯ ಕಟ್ಟೆಯನ್ನು ಮೂರು ಸಲ ತೊಳೆದರು.

ಆ ದಿನ ಬೆಳಿಗ್ಗೆ ನಾವಿಬ್ಬರೂ ಸಾಲಿಗೆ ರಜೆ ಹಾಕಿ, ಓಣಿಯ ಎದುರಿನ ಬೇವಿನ ಮರದ ಕೆಳಗೆ ನಿಂತೆವು. ಒಳಗೆ ದೊಡ್ಡವ್ವ, ಸಹಾಯಕ್ಕೆ ಇಬ್ಬರು ನೆರೆಯವರು. ಅಡುಗೆ ಮುಗಿದ ಹೊತ್ತಿಗೆ ಅವರಲ್ಲೊಬ್ಬರು, "ನಿನ್ನ ಸೊಸಿ ಜಾಣಿ ನೋಡವ್ವಾ. ಬ್ಯಾರೆ ಒಲಿ, ನನ್ನ ಕೈಯಾಗ ಉಣ್ಣಾಂಗಿಲ್ಲಂತ ಹಿರಿಯಾರ ಮುಂದ ಚೊಲೋ ಹೇಳ್ಯಾಳ" ಎಂದು ಮೆಚ್ಚಿ ಮಾತಾಡಿದರಂತೆ. ದೊಡ್ಡವ್ವನಿಗೆ ಅದು ಗೊತ್ತಾದದ್ದೇ ಆಗ. ಅಷ್ಟರಲ್ಲಿ ಮಹಾರಾಜರು ಬಸದಿಯಿಂದ ಹೊರಟ ಸುದ್ದಿ ಬಂತು.

ಓಣಿಯ ಮೂರು ಮನೆಗಳ ಮುಂದೆ ಚೌಕದವರು ಕಲಶ ಹಿಡಿದು ನಿಂತಿದ್ದರು. ಮುನಿಗಳು ಎದುರು ಬಂದಾಗ ನಮೋಸ್ತು ಎಂದು ಮೂರು ಸಲ ಹೇಳಿ, ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಆಹಾರ ನೀರು ಶುದ್ಧ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹಾಗೆ ಹೇಳಿದ ಮನೆಗಳಲ್ಲಿ, ತಾವು ಮನಸ್ಸಿನಲ್ಲೇ ಮಾಡಿಕೊಂಡ ಸಂಕಲ್ಪಕ್ಕೆ ಹೊಂದಿದ ಒಂದಕ್ಕೇ ಅವರು ಬರುವುದು. ಮಹಾರಾಜರು ನವಿಲುಗರಿಯ ಪಿಂಛಿ, ಕಮಂಡಲು ಹಿಡಿದು, ಮೌನವಾಗಿ ನಡೆದು ಬಂದು, ಮೊದಲ ಮನೆ ದಾಟಿ, ನಮ್ಮ ಬಾಗಿಲ ಮುಂದೆ ನಿಂತರು. ನನಗೆ ಖುಷಿಯೋ ಖುಷಿ.

"ನಮೋಸ್ತು, ನಮೋಸ್ತು, ನಮೋಸ್ತು" ಎಂದರು ದೊಡ್ಡವ್ವ. ಇಡೀ ಓಣಿಗೆ ಕೇಳುವ ಅದೇ ದನಿ. "ಮನಃಶುದ್ಧಿ" ಎಂದರು. ಅಲ್ಲಿಗೆ ನಿಂತರು.

ಜೊತೆಯವರು ಮೆಲ್ಲಗೆ, ವಚನಶುದ್ಧಿ ಅನ್ನು, ಅನ್ನು ಎಂದು ನೆನಪಿಸಿದರು. ಮಾತಿಗೆ ಎಂದೂ ತಡವರಿಸದ ಹೆಂಗಸು ಕಲಶ ಹಿಡಿದು ಸುಮ್ಮನೆ ನಿಂತಿದ್ದರು. ಆಮೇಲೆ ಕಲಶವನ್ನು ಪಕ್ಕದವರ ಕೈಗೆ ಕೊಟ್ಟು, ನೆಲಕ್ಕೆ ಹಣೆ ಹಚ್ಚಿ ಎದ್ದು, ಕೈ ಮುಗಿದರು.

"ಮಹಾರಾಜರ, ನಮ್ಮ ಮನ್ಯಾಗ ಒಲಿ ಒಂದ ಐತ್ರಿ. ಸೊಸಿ ಲಿಂಗಾಯತರ ಮಗಳು. ನಾ ದಿನಾ ಆಕಿ ಕೈಯಾಗ ಉಣ್ತೇನ್ರಿ. ಹಿರಿಯಾರಿಗೆ ಸುಳ್ಳ ಹೇಳೇವಿ. ವಚನಶುದ್ಧಿ ಇಲ್ರಿ."

ಮಹಾರಾಜರು ಆ ಹೊತ್ತಿನಲ್ಲಿ ಮಾತಾಡುವಂತಿಲ್ಲ. ದೊಡ್ಡವ್ವನನ್ನು ನೋಡಿದರು, ಸ್ವಲ್ಪ ಹೊತ್ತು ನಿಂತೇ ಇದ್ದರು. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಗೆ ಹೇಳಲಿ. ಆಮೇಲೆ ಮುಂದೆ ನಡೆದರು. ಮೂರನೆಯ ಮನೆಯಲ್ಲಿ ಅವರ ಆಹಾರ ನಿರಾತಂಕವಾಗಿ ಆಯಿತು.

ಹಿರಿಯರು ನೇರ ಬೇವಿನ ಮರದ ಹತ್ತಿರ ಬಂದರು. "ತಂಗಿ, ನೀವು ಹಿಂಗ ಮಾಡಬಾರದಿತ್ತು" ಎಂದರು. ಬಾಗಿಲಿನಿಂದ ದೊಡ್ಡವ್ವನ ದನಿ ಬಂತು: "ಆಕಿನ್ನ ಯಾಕ ಕೇಳ್ತೀರಿ? ನನ್ನ ಮನಿ, ನನ್ನ ಕೇಳ್ರಿ. ಮುಂದ ಚೌಕ ಬ್ಯಾರೆ ಮನಿಗೆ ಕೊಡ್ರಿ. ಸೊಸಿ ಇಲ್ಲೇ ಇರ್ತಾಳ." ಹಿರಿಯರು ಟೋಪಿ ಸರಿಮಾಡಿಕೊಂಡು ನಡೆದರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಚೌಕ ಹೂಡಲಿಲ್ಲ. ಅವತ್ತು ಸಂಜೆಯ ಪ್ರವಚನದಲ್ಲಿ ಮಹಾರಾಜರು ಒಂದು ತಾಸು ಸತ್ಯದ ಮೇಲೆ ಮಾತಾಡಿದರು. ದೊಡ್ಡವ್ವ ಎಂದಿನಂತೆ ಕಂಬಕ್ಕೆ ಒರಗಿ ಸುಖವಾಗಿ ನಿದ್ದೆ ಮಾಡಿದರು.

ಆದರೆ ಅದು ಸಂಜೆಯ ಮಾತು. ಹಿರಿಯರು ಹೋದ ಕೂಡಲೇ ದೊಡ್ಡವ್ವ ನಮ್ಮಿಬ್ಬರನ್ನೂ ಒಳಗೆ ಕರೆದರು. ನಾನು ಹೊಸ್ತಿಲಲ್ಲೇ ಅತ್ತುಬಿಟ್ಟೆ. ಕೈ ಹಿಡಿದು ಎಳೆದು, ಚೌಕದ ಅಡುಗೆಯ ಮುಂದೆ ಮಣೆ ಹಾಕಿ ಕೂರಿಸಿದರು. ಕೈಗೆ ನೀರು ಹಾಕಿದರು. ಗೋಧಿ ಹುಗ್ಗಿ, ತುಪ್ಪ, ಹೆಸರುಬೇಳೆ ಎಲ್ಲವನ್ನೂ ಬಡಿಸಿ, ನನ್ನ ಎದುರು ನಿಂತು, ಓಣಿಗೆ ಕೇಳುವ ಹಾಗೆ ಹೇಳಿದರು.

"ಮನಃಶುದ್ಧಿ, ವಚನಶುದ್ಧಿ, ಕಾಯಶುದ್ಧಿ. ಆಹಾರ ಜಲ ಶುದ್ಧ ಐತಿ. ಉಣ್ಣು."

"ನಲವತ್ತ ವರ್ಷದ್ದು ನನ್ನಿಂದ ಹೋತಲ್ರಿ ದೊಡ್ಡವ್ವಾರ" ಎಂದೆ.

"ಮಹಾರಾಜರಿಗೆ ಉಣಿಸಾಕ ಓಣಿ ತುಂಬ ಮಂದಿ ಅದಾರ" ಎಂದರು ದೊಡ್ಡವ್ವ, ಸೌಟು ಎತ್ತಿಕೊಳ್ಳುತ್ತ. "ನಿನಗ ಉಣಿಸಾಕ ಈ ಊರಾಗ ನಾ ಒಬ್ಬಾಕಿ ಅದೇನಿ."

ಬೇಡಬೇಡವೆಂದರೂ ಇನ್ನೊಂದು ಸೌಟು ಹುಗ್ಗಿ ಹಾಕಿದರು.